ಮನೆಯಲ್ಲಿ ಎಷ್ಟು ಜನ?

ಮದ್ದೂರು
ಗುಂಡ್ಲುಪೇಟೆ ತಾಲ್ಲೂಕು
7-9-2025

ಪ್ರೀತಿಯ ಅಮ್ಮನಿಗೆ,

ಕ್ಷೇಮವಾಗಿ ತಲುಪಿದ್ದೇನೆ. ಫೋನ್ ಮಾಡಲಿಲ್ಲವೆಂದು ಮುಖ ಊದಿಸಿಕೊಳ್ಳಬೇಡ. ಇಲ್ಲಿ ಸಿಗ್ನಲ್ ಬೇಕೆಂದರೆ ಶಾಲೆಯ ಹಿಂದಿನ ಗುಡ್ಡ ಹತ್ತಬೇಕು. ಆನೆ ಇಲ್ಲದಿದ್ದರೆ ಹತ್ತಬಹುದು, ಹತ್ತಿದ ಮೇಲೂ ಸಿಗ್ನಲ್ಲಿಗೆ ಮನಸ್ಸು ಬಂದರೆ ಉಂಟು. ಅದೂ ಅಲ್ಲದೆ ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ಕಾಗದದಲ್ಲಾದರೂ ಮರ್ಯಾದಸ್ಥರ ಹಾಗೆ ಇರೋಣ.

ಚಿಕ್ಕನಿಂಗಮ್ಮ ಎಂಬ ಅಜ್ಜಿಯ ಮನೆಯ ಪಕ್ಕದ ಕೋಣೆ ಬಾಡಿಗೆಗೆ ಸಿಕ್ಕಿದೆ. ಅಜ್ಜಿ, ಸೊಸೆ ಪುಟ್ಟಸಿದ್ದಮ್ಮ, ಮೊಮ್ಮಗಳು, ಇಷ್ಟೇ ಸಂಸಾರ. ಮೊಮ್ಮಗಳು ನನ್ನ ಒಂಬತ್ತನೇ ಕ್ಲಾಸಿನಲ್ಲೇ ಓದುತ್ತಾಳೆ. ಅಜ್ಜಿಯ ಮಗ ಮೂಗಯ್ಯ ಶುಂಠಿ ಹೊಲದ ಕೂಲಿಗೆಂದು ವಯನಾಡಿಗೆ ಹೋದವನು ತಿರುಗಿ ಬರಲೇ ಇಲ್ಲವಂತೆ. ಆಗ ಈ ಹುಡುಗಿ ತೊಟ್ಟಿಲಲ್ಲಿದ್ದಳಂತೆ.

ನೀನು ಕೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ನಮ್ಮ ರಾಜಶೇಖರಣ್ಣನ ಪಿಕಪ್ ಗಾಡಿ ಆಗ ಸಿಕ್ಕ ಜಾಗ ಇಲ್ಲಿಗೆ ಕಾಣುವುದಿಲ್ಲ. ಅದು ಇನ್ನೂ ಒಳಗೆ, ಕೇರಳದ ಕಡೆಗೆ. ಚೆಂಡುಹೂವಿನ ಲೋಡು ಹಾಗೇ ಇತ್ತು, ಬೀಗದ ಕೈ ಹಾಗೇ ಇತ್ತು, ಮನುಷ್ಯ ಮಾತ್ರ ಇರಲಿಲ್ಲ ಎಂದು ಇಲ್ಲಿಯ ಟೀ ಅಂಗಡಿಯವನೂ ನೆನೆಸಿಕೊಂಡು ಹೇಳುತ್ತಾನೆ. ಅಣ್ಣನಿಗಾಗಿಯೇ ನಾನು ಈ ಊರನ್ನು ಕೇಳಿ ಹಾಕಿಸಿಕೊಂಡೆ ಎಂದು ನೀನು ಬಸ್‌ಸ್ಟ್ಯಾಂಡಿನಲ್ಲಿ ಕೂಗಾಡಿದೆಯಲ್ಲ, ಅದು ನಿಜ.

ಈಗ ಪಾಠದ ವಿಷಯ. ಪ್ರಮಾಣ ಹೇಳುವ ಮಾತುಗಳನ್ನು ಕಲಿಸುತ್ತಿದ್ದೇನೆ: 'ಲಾಟ್ಸ್ ಆಫ್', 'ಪ್ಲೆಂಟಿ ಆಫ್', 'ಎ ಗ್ರೇಟ್ ಡೀಲ್ ಆಫ್' ಇತ್ಯಾದಿ. ಅಜ್ಜಿಯ ಮೊಮ್ಮಗಳು ಒಂದು ವಾಕ್ಯ ಬರೆದು ತಂದಳು. ಸಂಜೆಯಾದರೆ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ 'ಎ ಲಾರ್ಜ್ ಅಮೌಂಟ್ ಆಫ್ ಪೀಪಲ್' ನಿಂತಿರುತ್ತಾರೆ ಎಂದು. ಮನುಷ್ಯರಿಗೆ 'ಅಮೌಂಟ್' ಬರುವುದಿಲ್ಲ, 'ನಂಬರ್' ಎನ್ನಬೇಕು ಎಂದು ತಿದ್ದಿದೆ. ಇಡೀ ಕ್ಲಾಸು ತಿರುಗಿಬಿತ್ತು. "ಅವ್ರುನ್ನ ಎಣಿಸಕಾಗಲ್ಲ ಮಿಸ್" ಅಂದರು. ಮೂವತ್ತು ವರ್ಷ ಪಿಯು ಹುಡುಗರಿಗೆ ಇಂಗ್ಲಿಷ್ ಅರೆದು ಕುಡಿಸಿದವಳು ನೀನು, ಹೇಗೆ ವಿವರಿಸಲಿ?

ನಿನ್ನ
ಶಿವಾನಿ

*

ಚಾಮರಾಜನಗರ
14-9-2025

ಚಿರಂಜೀವಿ ಶಿವಾನಿಗೆ ಆಶೀರ್ವಾದಗಳು.

ಮುಖ ಊದಿಸಿಕೊಂಡಿಲ್ಲ. ಅದು ಇರುವುದೇ ಹಾಗೆ.

'ಲಾಟ್ಸ್ ಆಫ್', 'ಪ್ಲೆಂಟಿ ಆಫ್', 'ಲೋಡ್ಸ್ ಆಫ್' ಇವೆಲ್ಲ ಮನೆಯಲ್ಲಿ ತೊಡುವ ನೈಟಿ. 'ಎ ಗ್ರೇಟ್ ಡೀಲ್ ಆಫ್', 'ಎ ಕನ್ಸಿಡರಬಲ್ ನಂಬರ್ ಆಫ್' ಮದುವೆಗೆ ಉಡುವ ರೇಷ್ಮೆ ಸೀರೆ. ನೈಟಿಯಲ್ಲಿ ಮದುವೆ ಮನೆಗೆ ಹೋಗಬಾರದು, ರೇಷ್ಮೆ ಉಟ್ಟು ಪಾತ್ರೆ ತಿಕ್ಕಬಾರದು. ಹೀಗೆ ಹೇಳು, ಹೆಣ್ಣು ಮಕ್ಕಳಿಗಾದರೂ ಅರ್ಥವಾಗುತ್ತದೆ. ನೀರು, ಹಿಟ್ಟು, ದುಃಖ, ಇವನ್ನು ಎಣಿಸಲಾಗುವುದಿಲ್ಲ, 'ಅಮೌಂಟ್' ಸರಿ. ಮನುಷ್ಯರನ್ನು ಎಣಿಸಬಹುದು. ಎಣಿಸಲಾಗದ ಮನುಷ್ಯರು ಎಂಬುದು ಇಲ್ಲ.

ಮತ್ತೂ ಒಂದು. ಎಷ್ಟು ಎಂದು ಗೊತ್ತಿರುವಾಗ 'ತುಂಬಾ', 'ಸುಮಾರು' ಎಂದು ಬರೆಯುವವರು ಸೋಮಾರಿಗಳು. ನಾನು ಅಂಥ ಉತ್ತರಕ್ಕೆ ಅರ್ಧ ಅಂಕಕ್ಕಿಂತ ಹೆಚ್ಚು ಕೊಟ್ಟವಳಲ್ಲ. ನಿಮ್ಮಣ್ಣನಿಗೂ ಕೊಟ್ಟಿಲ್ಲ. ಅವನು ಫೇಲಾಗಿ ಗಾಡಿ ಓಡಿಸಲು ಹೋದ.

ಮುಂದಿನ ಭಾನುವಾರ ಹಿರಿಯರ ಹಬ್ಬ. ನಿಮ್ಮ ತಂದೆಗೆ ಎಡೆ ಇಡುತ್ತೇನೆ. ಈ ಸಲವಾದರೂ ಮಗನಿಗೂ ಒಂದು ಎಲೆ ಹಾಕಿ ಎಂದು ಎದುರು ಮನೆಯ ಸುಂದ್ರಮ್ಮ ಹೇಳಲು ಬಂದಿದ್ದಳು. ಕಾಫಿ ಕೊಡದೆ ಕಳಿಸಿದೆ.

ರಸ್ತೆಯ ವಿಷಯ ಬರೆಯಬೇಡ.

ನಿನ್ನ ಅಮ್ಮ
ಶಶಿರೇಖಾ

*

ಮದ್ದೂರು
28-9-2025

ಪ್ರೀತಿಯ ಅಮ್ಮಾ,

ನೈಟಿ ಮತ್ತು ರೇಷ್ಮೆ ಸೀರೆ ಕೆಲಸ ಮಾಡಿತು. ಆದರೆ ಪಾಠ ನಿಂತಿದೆ. ಮೇಷ್ಟ್ರುಗಳನ್ನೆಲ್ಲ ಮನೆಮನೆ ಸಮೀಕ್ಷೆಗೆ ಹಾಕಿದ್ದಾರೆ. ಮೊಬೈಲ್ ಹಿಡಿದುಕೊಂಡು ಮನೆ ಮನೆ ಅಲೆಯುವುದು, ಎಷ್ಟು ಜನ ಎಂದು ಕೇಳುವುದು. ಈ ಊರಿನಲ್ಲಿ ಒಬ್ಬರಾದರೂ ಹೇಳಬೇಕಲ್ಲ!

"ಬೇಕಾದಷ್ಟ್ ಜನ ಇವಿ" ಅನ್ನುತ್ತಾರೆ. "ದೇವ್ರು ಕೊಟ್ಟಷ್ಟು" ಅನ್ನುತ್ತಾರೆ. "ವಸಿ ಜನ" ಅನ್ನುತ್ತಾರೆ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎನ್ನುವುದನ್ನು ನಾವೂ ಕೇಳಿದ್ದೇವೆ. ಇಲ್ಲಿ ಆ ಭಯ ಮನುಷ್ಯರವರೆಗೂ ಬಂದಿದೆ. ಚಿಕ್ಕನಿಂಗಮ್ಮ ಬಿಡಿಸಿ ಹೇಳಿದಳು. "ಹೊಸ್ಲು ಮ್ಯಾಲ್ ನಿಂತು ಏಳುದ್ ಲೆಕ್ಕ ಸುಳ್ಳಾಗ್ಬಾರ್ದು ಕಣವ್ವ. ಸುಳ್ಳಾದ್ರೆ ಅದು ಬಂದು ಸರಿ ಮಾಡ್ತದೆ. ಕಮ್ಮಿ ಇದ್ರೆ ತುಂಬುಸ್ತದೆ, ಜಾಸ್ತಿ ಇದ್ರೆ ಕರ್ಕಂಡೋಯ್ತದೆ."

ಅದು ಎಂದರೆ ಯಾವುದು ಎಂದು ಕೇಳಿದೆ. "ಕೇಳುಸ್ಕಳದು" ಅಂದಳು. ಕೇಳಿಸಿಕೊಳ್ಳುವಂಥದ್ದು, ಅಷ್ಟೇ. ಅದಕ್ಕೆ ಬೇರೆ ಹೆಸರಿಲ್ಲವಂತೆ.

ನಾನು ಹಠ ಹಿಡಿದೆ. ಮೊಬೈಲು 'ಬೇಕಾದಷ್ಟು' ಎಂಬುದನ್ನು ತೆಗೆದುಕೊಳ್ಳುವುದಿಲ್ಲ ಅಜ್ಜಿ, ಅಂಕಿ ಬೇಕು ಎಂದೆ. ಅವಳು ತುಂಬಾ ಹೊತ್ತು ಎಲೆಅಡಿಕೆ ಜಗಿದು ಉಪಾಯ ಹುಡುಕಿದಳು. "ಅಂಗಾರೆ ಇಂಗ್ಲೀಸ್ನಲ್ಲಿ ಏಳ್ತಿನಿ ಬರ್ಕ. ಅದ್ಕೆ ಇಂಗ್ಲೀಸ್ ಬರಲ್ಲ." ಎದ್ದು ಹೊಸ್ತಿಲ ಮೇಲೆ ನಿಂತು, ಬಸ್ ಕಂಡಕ್ಟರನಿಂದ ಕಲಿತ ಇಂಗ್ಲಿಷಿನಲ್ಲಿ, ಗಟ್ಟಿಯಾಗಿ "ಫೋರು" ಎಂದಳು.

ನಗು ತಡೆಯಲಾಗಲಿಲ್ಲ ಅಮ್ಮಾ. ಆದರೆ ಆ ಮನೆಯಲ್ಲಿರುವುದು ಮೂವರು. ನಾಲ್ಕನೆಯವರು ಯಾರು ಎಂದೆ. "ನನ್ ಮಗ ಇಲ್ವಾ? ಮೂಗಯ್ಯ?" ಅಂದಳು. ಸೊಸೆ ತಲೆ ತಗ್ಗಿಸಿ ಒಳಗೆ ಹೋದಳು. ನಾನು ನಾಲ್ಕು ಎಂದೇ ಬರೆದುಕೊಂಡೆ. ತಾಯಿ ಹೇಳಿದ ಮೇಲೆ ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ನೀನಾಗಿದ್ದರೆ ಎಷ್ಟು ಎನ್ನುತ್ತಿದ್ದೆ?

ನಿನ್ನ
ಶಿವಾನಿ

*

ಚಾಮರಾಜನಗರ
6-10-2025

ಚಿ. ಶಿವಾನಿಗೆ,

ಸರ್ಕಾರದ ಕೆಲಸದಲ್ಲಿ ಇಲ್ಲದವರನ್ನು ಇದ್ದಾರೆ ಎಂದು ಬರೆಯುವುದು ತಪ್ಪು. ಅಳುವ ಮುದುಕಿಯರನ್ನು ಕಂಡು ಅಂಕಿ ಬದಲಾಯಿಸುವ ಮೇಷ್ಟ್ರು ನಾಳೆ ಮಾರ್ಕ್ಸ್ ಕಾರ್ಡಿನಲ್ಲೂ ಬದಲಾಯಿಸುತ್ತಾಳೆ. ತಿದ್ದು.

ಇಲ್ಲಿಗೂ ಬಂದಿದ್ದರು. ಒಬ್ಬ ಹುಡುಗಿ ಬಾಗಿಲು ಬಡಿದು, ಮೇಡಂ, ಮನೆಯಲ್ಲಿ ಎಷ್ಟು ಜನ ಎಂದು ಹೊರಗಿನಿಂದಲೇ ಕೂಗಿದಳು. ನಾನು ಫ್ಯಾನ್ ಆರಿಸಿ ಉಸಿರು ಬಿಗಿಹಿಡಿದು ಅಡುಗೆಮನೆಯಲ್ಲಿ ನಿಂತಿದ್ದೆ. ಹೊರಟುಹೋದಳು. ನನ್ನ ಈ ವಯಸ್ಸಿಗೆ, ನನ್ನ ವಿದ್ಯೆಗೆ, ಕಳ್ಳಿಯ ಹಾಗೆ ಬಚ್ಚಿಟ್ಟುಕೊಂಡೆನಲ್ಲ ಎಂದು ಆಮೇಲೆ ಬಹಳ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನಿನಗೆ ಬರೆಯುತ್ತಿರುವುದು.

ಕೊನೆಯ ಸಾಲಿನಲ್ಲಿ ಏನೋ ಕೇಳಿದ್ದೀಯ. ಅಕ್ಷರ ಸರಿಯಾಗಿ ಕಾಣಲಿಲ್ಲ.

ಅಮ್ಮ

*

ಮದ್ದೂರು
16-10-2025

ಅಮ್ಮಾ,

ಮೂಗಯ್ಯ ಬಂದಿದ್ದಾನೆ.

ಮೊನ್ನೆ ಸಮೀಕ್ಷೆಯ ಸುತ್ತಾಟ ಮುಗಿಸಿ ಬಂದೆ. ಜಗುಲಿಯ ಮೇಲೆ ಒಬ್ಬ ಗಂಡಸು ಬೀದಿಗೆ ಬೆನ್ನು ಮಾಡಿ ಮುದ್ದೆ ಉಣ್ಣುತ್ತಿದ್ದ. ಚಿಕ್ಕನಿಂಗಮ್ಮ ಎದುರು ಕೂತು ಸಾರು ಬಿಡುತ್ತಿದ್ದಳು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ನೋಡಿರಲಿಲ್ಲ. "ನೋಡವ್ವ, ಬಂದವ್ನೆ. ಇಂಗ್ಲೀಸ್ ಬತ್ತದೆ ಕಣ ಅದ್ಕೆ" ಎಂದು ನಕ್ಕಳು.

ಅವನಿಗೆ ಮುದುಕನಾಗುವಷ್ಟು ವಯಸ್ಸಾಗಿಲ್ಲ, ಹುಡುಗನೂ ಅಲ್ಲ. ಮುಖ ಚೆನ್ನಾಗೇ ಇದೆ, ಆದರೆ ಕೋಣೆಗೆ ಬಂದ ಮೇಲೆ ನೆನಪಿಸಿಕೊಳ್ಳಲು ನೋಡಿದರೆ ಬರುವುದಿಲ್ಲ. ಎಲ್ಲಿದ್ದೆಯಪ್ಪಾ ಇಷ್ಟು ದಿನ ಎಂದು ಅಕ್ಕಪಕ್ಕದವರು ಕೇಳಿದರು. "ಸುಮಾರ್ ದೂರ" ಎಂದ. ಜೊತೆಗೆ ಯಾರಿದ್ದರು? "ಎಷ್ಟೋ ಜನ." ಕೂಲಿ ಎಷ್ಟು ಕೊಡುತ್ತಿದ್ದರು? "ಬೇಕಾದಷ್ಟು." ಒಳ್ಳೆಯ ಮಾತುಗಾರ, ಕೇಳಿದ್ದಕ್ಕೆಲ್ಲ ತಕ್ಷಣ ಉತ್ತರ. ಪುಟ್ಟಸಿದ್ದಮ್ಮ ಮಾತ್ರ ಅಡುಗೆಮನೆ ಬಿಟ್ಟು ಹೊರಗೆ ಬಂದಿಲ್ಲ. ಮಗಳನ್ನು ತನ್ನ ಸೆರಗಿನಲ್ಲೇ ಮಲಗಿಸಿಕೊಳ್ಳುತ್ತಾಳೆ.

ನನಗೆ ಹೆದರಿಕೆಯಾಗುತ್ತಿದೆ. ನನ್ನ ಹೆದರಿಕೆ ನಿನಗೆ ಇಷ್ಟವಾಗುವುದಿಲ್ಲ, ಆದರೂ ಬರೆಯುತ್ತಿದ್ದೇನೆ.

ಶಿವಾನಿ

*

ಚಾಮರಾಜನಗರ
25-10-2025

ಚಿ. ಶಿವಾನಿಗೆ,

ದೀಪಾವಳಿಗೆ ಬರುತ್ತೀಯೆಂದು ಒಬ್ಬಟ್ಟು ಮಾಡಿದ್ದೆ. ಬರಲಿಲ್ಲ. ಅರ್ಧ ಸುಂದ್ರಮ್ಮನಿಗೆ ಕೊಟ್ಟೆ, ಅರ್ಧ ಹಳಸಿತು.

ನಿನ್ನ ಮೂಗಯ್ಯ ಯಾರೋ ಮೋಸಗಾರ. ಕುರುಡು ಪ್ರೀತಿಯ ಮುದುಕಿಯರ ಮನೆ ಹುಡುಕಿ ಬಂದು ಉಣ್ಣುವವರು ಇರುತ್ತಾರೆ. ಅಂಥವರನ್ನು ಹಿಡಿಯುವುದು ಸುಲಭ. ಸುತ್ತಿ ಬಳಸಿ ಹೇಳಲಾಗದ ಪ್ರಶ್ನೆ ಕೇಳು. ಅವನ ಮದುವೆಯ ಚಪ್ಪರ ಯಾವ ಮರದ ಕೆಳಗೆ ಹಾಕಿದ್ದರು? ಮಗಳು ಹುಟ್ಟಿದ್ದು ಹಗಲೋ ರಾತ್ರಿಯೋ? ಒಲೆಯ ಮುಂದೆ ಕೂರುವ ತಾಯಿಗೆ ಸುಟ್ಟ ಗಾಯ ಇದ್ದೇ ಇರುತ್ತದೆ, ಯಾವ ಕೈಗೆ? ಇವಕ್ಕೆ 'ಸುಮಾರು' ಎನ್ನಲಾಗುವುದಿಲ್ಲ. ಪ್ರಶ್ನೆಪತ್ರಿಕೆ ತೆಗೆಯುವುದರಲ್ಲಿ ನನ್ನನ್ನು ಮೀರಿಸಿದವರು ಈ ಜಿಲ್ಲೆಯಲ್ಲಿಲ್ಲ.

ಅವನು ನಿದ್ದೆ ಮಾಡುತ್ತಾನೆಯೇ? ಊಟದ ಮೇಲೆ ಮಜ್ಜಿಗೆ ಕೇಳುತ್ತಾನೆಯೇ? ತಾಯಿಯ ಕೈ ಹಿಡಿದರೆ ಬೆಚ್ಚಗಿರುತ್ತದೆಯೇ? ಸುಮ್ಮನೆ ತಿಳಿಯಲು ಕೇಳುತ್ತಿದ್ದೇನೆ.

ಅಮ್ಮ

*

ಮದ್ದೂರು
5-11-2025

ಅಮ್ಮಾ,

ನಿನ್ನ ಪ್ರಶ್ನೆಗಳನ್ನೆಲ್ಲ ಕೇಳಿದೆ. ಚಪ್ಪರ ಯಾವ ಮರದ ಕೆಳಗೆ? "ಸುಮಾರ್ ಮರ ಇದ್ವು." ಮಗಳು ಹುಟ್ಟಿದ್ದು? "ಭಾಳ ಹೊತ್ತಾಗಿತ್ತು." ತಾಯಿಯ ಕೈ? "ಅವ್ವುನ್ ಕೈ ತುಂಬ ನೊಂದದೆ." ಪಾಪ, ಚಿಕ್ಕನಿಂಗಮ್ಮ ಅದನ್ನು ಕೇಳಿ ಕಣ್ಣು ಒರೆಸಿಕೊಂಡಳು. ಅವಳಿಗೆ ಎಲ್ಲ ಗೊತ್ತು ಅನ್ನಿಸುತ್ತದೆ. "ಗೊತ್ತು ಬುಡವ್ವ, ಇವ್ನು ಅವ್ನಲ್ಲ. ಆದ್ರೂ ಕುಂತವ್ನಲ್ಲ, ಅಷ್ಟೇ ಸಾಕು" ಅಂದಳು. ಹೌದು, ಮಜ್ಜಿಗೆ ಕೇಳುತ್ತಾನೆ. ಕೈ ಬೆಚ್ಚಗೇ ಇದೆ. ನೀನು ಯಾಕೆ ಕೇಳಿದೆ ಎಂದು ನನಗೆ ಗೊತ್ತು.

ಇನ್ನು ಮುಂದಿನದನ್ನು ನಿಧಾನವಾಗಿ ಓದು. ಪುಟ್ಟಸಿದ್ದಮ್ಮ ತಾಳಲಾರದೆ ಮಗಳನ್ನು ಕರೆದುಕೊಂಡು ತೌರಿಗೆ, ಬೇಗೂರಿಗೆ ಹೋದಳು. ನಾನೇ ಬಸ್ ಹತ್ತಿಸಿದೆ. ಆ ವಾರವೆಲ್ಲ ಹುಡುಗಿಯ ಜಾಗ ಖಾಲಿ ಇತ್ತು. ಸೋಮವಾರ ನೋಡಿದರೆ ಹುಡುಗಿ ತನ್ನ ಬೆಂಚಿನಲ್ಲಿ ಕೂತಿದ್ದಾಳೆ. ಊರಿನಲ್ಲಿ ಎಷ್ಟು ದಿನ ಇದ್ದೆ ಎಂದು ಕೇಳಿದೆ. "ಪ್ಲೆಂಟಿ ಆಫ್ ಡೇಸ್ ಮಿಸ್" ಎಂದು ನಕ್ಕಳು. ಉಳಿದ ಮಕ್ಕಳು ಅವಳಿಂದ ದೂರ ಸರಿದು ಕೂತಿದ್ದರು. ಸಂಜೆ ಪುಟ್ಟಸಿದ್ದಮ್ಮನೂ ಅಂಗಳ ಗುಡಿಸುತ್ತಿದ್ದಳು.

ಮಾರನೇ ದಿನ ರಜೆ ಹಾಕಿ ಬೇಗೂರಿಗೆ ಹೋದೆ. ತಾಯಿ ಮಗಳು ಇಬ್ಬರೂ ಅಲ್ಲಿ ಅವರ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ಕಂಡು ಹುಡುಗಿ ಓಡಿ ಬಂದು ತಬ್ಬಿಕೊಂಡಳು. ಹೋಂವರ್ಕ್ ಬಾಕಿ ಇದೆ ಮಿಸ್ ಎಂದು ಅತ್ತಳು. ಹೊಸ್ತಿಲ ಮೇಲೆ ಅಜ್ಜಿ ನಾಲ್ಕು ಎಂದಿದ್ದಾಳೆ. ಇರುವವರು ಹೋದರೆ ಅವರ ಜಾಗವನ್ನೂ ಅದು ತುಂಬಿಸುತ್ತದೆ. ನಾನು ಕೋಣೆ ಖಾಲಿ ಮಾಡಿ ಟೀಚರ್ ಗುರುಮಲ್ಲಮ್ಮನವರ ಮನೆಗೆ ಬಂದುಬಿಟ್ಟೆ.

ಈಗ ಊರಿನವರು ನನ್ನ ಹಿಂದೆ ಬಿದ್ದಿದ್ದಾರೆ. ಎಣಿಸಬೇಡಿ ಎಂದವರೇ ಬಂದು ನಮ್ಮ ಮನೆಯನ್ನೂ ಬರೆದುಕೊಳ್ಳಿ, ಒಬ್ಬರನ್ನು ಜಾಸ್ತಿ ಬರೆದುಕೊಳ್ಳಿ ಎಂದು ಕೈ ಮುಗಿಯುತ್ತಾರೆ. ಕಳೆದುಕೊಂಡವರು ಇಲ್ಲದ ಮನೆ ಯಾವುದಿದೆ ಅಮ್ಮಾ? ನಾನು ಆಗುವುದಿಲ್ಲ ಎಂದೆ. ಅವರಿಗೆ ನಾನು ಬೇಕಾಗಿಯೂ ಇಲ್ಲ, ಹೊಸ್ತಿಲು ಅವರದೇ ಇದೆ. ಸಂಜೆ ಕಾಡಿನ ಕಡೆಯಿಂದ ಊರೊಳಗೆ ನಡೆದು ಬರುವವರನ್ನು ನಾನು ಕಿಟಕಿಯಿಂದ ನೋಡುವುದಿಲ್ಲ.

ಸಮೀಕ್ಷೆಯವರು ಮತ್ತೆ ಬಂದರೆ ನೀನು ಅಡುಗೆಮನೆಯಲ್ಲೇ ಇರು. ದಯವಿಟ್ಟು.

ಶಿವಾನಿ

*

ಚಾಮರಾಜನಗರ
23-11-2025

ಚಿ. ಶಿವಾನಿಗೆ,

ಎಷ್ಟೋ ದಿನದ ಮೇಲೆ ಬರೆಯುತ್ತಿದ್ದೇನೆ. ಮನೆಯಲ್ಲಿ ತುಂಬಾ ಕೆಲಸ. ಅಡುಗೆ ಬೇಕಾದಷ್ಟು ಮಾಡುತ್ತೇನೆ, ಮಿಗುವುದಿಲ್ಲ. ಸಂಜೆ ಟೀವಿ ಹಾಕಿಕೊಂಡು ಸುಮಾರು ಹೊತ್ತು ಕೂರುತ್ತೇವೆ.

ನೀನು ಓದಿ ಬೈಯುವ ಮೊದಲು ನಾನೇ ಹೇಳಿಬಿಡುತ್ತೇನೆ. ಸಮೀಕ್ಷೆಯ ಹುಡುಗಿ ಉಳಿದ ಮನೆಗಳಿಗೆಂದು ಮತ್ತೆ ಬಂದಳು. ಬಾಗಿಲು ತೆಗೆದು ಹೊಸ್ತಿಲ ಮೇಲೆ ನಿಂತುಕೊಂಡೆ. ಎಷ್ಟು ಜನ ಎಂದಳು. ಇಬ್ಬರು ಎಂದೆ, ನಾನು, ನನ್ನ ಮಗ. ಕನ್ನಡದಲ್ಲೇ ಹೇಳಿದೆ. ಮಗಳು ಮದ್ದೂರಿನಲ್ಲಿ ಇರುವುದರಿಂದ ಅವಳ ಲೆಕ್ಕ ಅಲ್ಲಿಗೆ ಎಂದೂ ಹೇಳಿದೆ. ಲೆಕ್ಕ ಎಂದ ಮೇಲೆ ಒಬ್ಬರನ್ನು ಎರಡು ಕಡೆ ಎಣಿಸಬಾರದಲ್ಲ.

ಆ ಶುಕ್ರವಾರ ಬಂದ. ಗೇಟು ತೆಗೆದ ಸದ್ದಿಗೇ ನನಗೆ ಗೊತ್ತಾಯಿತು. ನಾನು ಏನೂ ಕೇಳಲಿಲ್ಲ. ಬಿಸಿನೀರು ಕಾಯಿಸಿಕೊಟ್ಟೆ. ತುಂಬಾ ದಣಿದಿದ್ದ. ಬಹಳ ಚೆನ್ನಾಗಿದ್ದಾನೆ.

ನಾನು ಸಂತೋಷವಾಗಿದ್ದೇನೆ ಶಿವಾನಿ. ಸಾಕಷ್ಟು ಸಂತೋಷವಾಗಿದ್ದೇನೆ.

ಅಮ್ಮ

*

ಮದ್ದೂರು
28-11-2025

ಅಮ್ಮಾ,

ನಿನ್ನ ಕಾಗದದಲ್ಲಿ ಇಷ್ಟೊಂದು 'ತುಂಬಾ', 'ಸುಮಾರು' ನಾನು ಹುಟ್ಟಿದ ಮೇಲೆ ನೋಡಿಲ್ಲ. ಬೈಯಬೇಕೆಂದು ಕೂತವಳು ಅತ್ತೆ. ನನಗೂ ಅವನು ಬೇಕು. ನಿನಗೊಬ್ಬಳಿಗೇ ಬೇಕು ಎಂದುಕೊಂಡೆಯಾ?

ಆದರೆ ನೀನೇ ಹೇಳಿಕೊಟ್ಟ ಹಾಗೆ ಯೋಚಿಸುತ್ತೇನೆ. ಇಬ್ಬರು ಎಂದಿದ್ದೀಯ. ನೀನು, ಅಣ್ಣ. ಕ್ರಿಸ್ಮಸ್ ರಜೆಗೆ ನಾನು ಬಂದರೆ ಆ ಮನೆಯಲ್ಲಿ ಮೂವರಾಗುತ್ತೇವೆ. ಜಾಸ್ತಿಯಾದರೆ ಕರೆದುಕೊಂಡು ಹೋಗುತ್ತದೆ ಎಂದು ಅಜ್ಜಿ ಹೇಳಿದ್ದನ್ನು ಬರೆದಿದ್ದೆ. ಯಾರನ್ನು? ಲೆಕ್ಕದಲ್ಲಿ ಇಲ್ಲದವಳು ನಾನೊಬ್ಬಳೇ.

ನಿನಗೂ ಅಣ್ಣನಿಗೂ ಮಾತ್ರ ಗೊತ್ತಿರುವುದೊಂದನ್ನು ಅವನನ್ನು ಕೇಳು. ಉತ್ತರ ಏನು ಬಂದರೂ ನನ್ನದು ಒಂದೇ ಪ್ರಶ್ನೆ: ನಾನು ಮನೆಗೆ ಬರಲೋ, ಬೇಡವೋ? ನೀನು ಹೇಳುವವರೆಗೆ ಬರುವುದಿಲ್ಲ.

ಶಿವಾನಿ

*

ಚಾಮರಾಜನಗರ
5-12-2025

ನನ್ನ ಶಿವಾನಿಗೆ,

ಮೊದಲು ಉತ್ತರ. ಬಾ.

ಈಗ ನಡೆದದ್ದು. ನಿನ್ನ ಕಾಗದ ಓದಿದ ಮೇಲೆ ಅವನನ್ನು ಕೇಳಿದೆ. ಹೊರಟ ದಿನ ಬಾಗಿಲಲ್ಲಿ ನಿಂತು ನನಗೆ ಏನು ಹೇಳಿ ಹೋದೆಯೋ ಎಂದು. ರಾತ್ರಿಗೆ ಉಪ್ಪಿಟ್ಟು ಮಾಡಿದರೆ ನಾನು ಮನೆಗೇ ಬರುವುದಿಲ್ಲ ನೋಡು ಎಂದು ನಗಾಡಿದ್ದ. ಅದನ್ನು ನಾನು ಯಾರಿಗೂ ಹೇಳಿಲ್ಲ, ಏಕೆಂದರೆ ಅಂದು ರಾತ್ರಿ ಮಾಡಿದ್ದು ಉಪ್ಪಿಟ್ಟೇ. ಇವನು ನನ್ನನ್ನು ನೋಡಿ ಬಹಳ ಪ್ರೀತಿಯಿಂದ, "ಎಷ್ಟೋ ಹೇಳಿದೆ ಅಮ್ಮಾ, ತುಂಬ ಹೇಳಿದೆ" ಎಂದ.

ನಿಜ ಹೇಳಲೇ? ಆಗಲೂ ನಾನು ಅರ್ಧ ಅಂಕ ಕೊಡಲು ತಯಾರಿದ್ದೆ. ಏನೂ ಇಲ್ಲದಿರುವುದಕ್ಕಿಂತ ಅರ್ಧ ರಾಜಶೇಖರನಾದರೂ ಇರಲಿ ಎಂದುಕೊಂಡೆ. ಆ ಅಜ್ಜಿಯನ್ನು ಬೈದವಳು ನಾನು, ಅವಳ ಕಾಲು ಹಿಡಿಯಬೇಕು ಅನ್ನಿಸಿತು.

ಆಮೇಲೆ ಊಟಕ್ಕೆ ಕೂತಾಗ, ರಜೆಗೆ ಶಿವಾನಿ ಬರುತ್ತಾಳೆ ಕಣೋ ಎಂದು, ನಿನ್ನ ತಟ್ಟೆಯನ್ನೂ ಶೆಲ್ಫಿನಿಂದ ತೆಗೆದು ತೊಳೆದಿಟ್ಟೆ. ಅವನು ಎದ್ದು ಬಂದು ಅದನ್ನು ಒಳಗೆ ಇಟ್ಟ. ಮತ್ತೆ ತೆಗೆದೆ, ಮತ್ತೆ ಇಟ್ಟ. "ಇಬ್ರೇ ಅಮ್ಮಾ" ಎಂದ. ಬಂದಾಗಿನಿಂದ ಅವನ ಬಾಯಲ್ಲಿ ಬಂದ ಅಂಕಿ ಅದೊಂದೇ. ಮುಖದಲ್ಲಿ ಸಿಟ್ಟಿಲ್ಲ, ಏನಿಲ್ಲ. ನಿನ್ನ ತಟ್ಟೆ ಅವನ ಕೈಯಲ್ಲಿತ್ತು.

ಮಾರನೇ ಸಂಜೆ ದೀಪ ಹಚ್ಚಿ ಹೊಸ್ತಿಲ ಮೇಲೆ ನಿಂತೆ. ಸುಂದ್ರಮ್ಮ ಮೊಮ್ಮಗುವನ್ನು ಆಡಿಸುತ್ತಾ ಎದುರು ನಿಂತಿದ್ದಳು. ಸುಂದ್ರಮ್ಮ, ನಮ್ಮ ಮನೇಲಿ ಎಷ್ಟು ಜನ ಅಂತ ಕೇಳು ಎಂದೆ. ಹುಚ್ಚು ಹಿಡಿಯಿತು ಎಂಬಂತೆ ನೋಡಿದಳು, ಆದರೂ ಕೇಳಿದಳು. ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ: "ಇಬ್ಬರು. ನಾನು, ನನ್ನ ಮಗಳು ಶಿವಾನಿ."

ಒಳಗೆ ಟೀವಿ ಆರಿತು. ಅವನು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡ. ಸುಂದ್ರಮ್ಮ ಅವನನ್ನು ಕಂಡದ್ದೇ ಮಗುವನ್ನು ಎತ್ತಿಕೊಂಡು ಒಳಗೆ ಓಡಿ ಅಗುಳಿ ಹಾಕಿದಳು. ಅವನು ಒಂದು ಮೆಟ್ಟಿಲು ಇಳಿದು ತಿರುಗಿದ. "ನಾನು ಎಷ್ಟನೆಯವನು ಅಮ್ಮಾ?" ಎಂದು ಕೇಳಿದ.

ಮೊದಲನೆಯವನು ಕಣಪ್ಪ ಎಂದೆ. ನೀನೇ ನನ್ನ ಮೊದಲನೆಯವನು. ಅವನು ತಲೆಯಾಡಿಸಿ ಗುಂಡ್ಲುಪೇಟೆ ರಸ್ತೆಯ ಕಡೆ ನಡೆದುಹೋದ. ನಾನು ಅಲ್ಲೇ ಕೂತು ಬಾಯಿ ಬಿಟ್ಟು ಅತ್ತೆ. ಗಾಡಿ ಸಿಕ್ಕ ದಿನವೂ ನಾನು ಹಾಗೆ ಅತ್ತಿರಲಿಲ್ಲ.

ಒಬ್ಬಳೇ ಎನ್ನಬಹುದಾಗಿತ್ತು. ಅದೇ ನಿಜವೂ ಆಗುತ್ತಿತ್ತು. ಬಾಯಿ ಬರಲಿಲ್ಲ. ಒಂದು ಸಲ ನಿನ್ನನ್ನು ಬಿಟ್ಟು ಎಣಿಸಿದ್ದೇನೆ, ಇನ್ನೊಂದು ಸಲ ಆಗುವುದಿಲ್ಲ. ಆದರೆ ಇಬ್ಬರು ಎಂದಿದ್ದೇನೆ, ಮನೆಯಲ್ಲಿ ಇರುವುದು ನಾನೊಬ್ಬಳು. ಬೇಗೂರಿಗೆ ಹೋದ ಆ ಹುಡುಗಿಯ ಜಾಗ ತುಂಬಿದ್ದನ್ನು ನಾನು ಮರೆತಿಲ್ಲ. ಫೋನ್ ಮಾಡಿದೆ, ಮಾಡಿದೆ, ವ್ಯಾಪ್ತಿ ಪ್ರದೇಶದ ಹೊರಗೆ ಎನ್ನುತ್ತದೆ. ಈ ಕಾಗದ ಕೈಗೆ ಸಿಕ್ಕ ಗಳಿಗೆಯಲ್ಲೇ ಹೊರಡು. ಬೇಗ ಬಾ.

ನಿನ್ನ ಅಮ್ಮ
ಶಶಿರೇಖಾ

*

ಬಸ್ಸಿನಲ್ಲಿ, ತೆರಕಣಾಂಬಿ ದಾಟಿ
13-12-2025

ಅಮ್ಮಾ,

ರಸ್ತೆಯಲ್ಲಿ ಆನೆ ಹಿಂಡು ಬೀಡುಬಿಟ್ಟು ಪೋಸ್ಟ್‌ಮ್ಯಾನ್ ಮದ್ದೂರಿನ ಕಡೆ ಬಂದಿರಲೇ ಇಲ್ಲ. ನಿನ್ನ ಕಾಗದ ನನಗೆ ಸಿಕ್ಕಿದ್ದು ಇವತ್ತು ಬೆಳಿಗ್ಗೆ. ಮೇಲಿನ ತಾರೀಕು ನೋಡಿ ಗುಡ್ಡಕ್ಕೆ ಓಡಿದೆ. ಸಿಗ್ನಲ್ ಸಿಕ್ಕಿತು. ನೀನೇ ಎತ್ತಿಕೊಂಡೆ.

ಅಮ್ಮಾ, ನಾನು ಶಿವಾನಿ ಎಂದೆ. ನೀನು ನಕ್ಕೆ. ಎಷ್ಟು ಹಗುರವಾಗಿ ನಕ್ಕೆ! "ಯಾರಮ್ಮಾ ತಮಾಷೆ ಮಾಡೋದು? ಶಿವಾನಿ ಬಂದು ಸುಮಾರು ದಿನ ಆಯ್ತು, ಒಳಗೆ ತರಕಾರಿ ಹೆಚ್ಚುತ್ತಾ ಇದ್ದಾಳೆ" ಎಂದು ಇಟ್ಟುಬಿಟ್ಟೆ. ಇಡುವ ಮೊದಲು ಯಾರದು ಅಮ್ಮಾ ಎಂದು ಹಿಂದಿನಿಂದ ಕೇಳಿದ್ದು ನನ್ನದೇ ದನಿ. ಮತ್ತೆ ಮಾಡಿದರೆ ಹೋಗಲಿಲ್ಲ.

ಬಸ್ಸಿನ ಕುಲುಕಾಟದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಬಾಗಿಲಲ್ಲಿ ನನ್ನ ಮುಖವನ್ನು, ಮಾತನ್ನು ನೀನು ನಂಬುವುದಿಲ್ಲ. ಅವೆರಡೂ ಈಗ ನಿನ್ನ ಅಡುಗೆಮನೆಯಲ್ಲಿವೆ. ಈ ಕಾಗದವನ್ನು ಬಾಗಿಲ ಸಂದಿಯಲ್ಲಿ ತೂರಿಸುತ್ತೇನೆ. ನಿಂತು ಪೂರ್ತಿ ಓದು.

ಅಣ್ಣನ ಗಾಡಿಯನ್ನು ಸ್ಟೇಷನ್ನಿನಿಂದ ಬಿಡಿಸಿಕೊಂಡ ದಿನ, ಸೀಟಿನ ಮೇಲೆ ಅವನ ಹಸಿರು ಬಾಚಣಿಗೆ ಇತ್ತು. ಅದರಲ್ಲಿ ಅವನ ಕೂದಲಿತ್ತು. ಪೊಲೀಸಿನವರು ಅತ್ತ ತಿರುಗಿದಾಗ ನೀನು ಅದನ್ನು ತೆಗೆದು ರವಿಕೆಯೊಳಗೆ ಸೇರಿಸಿಕೊಂಡೆ. ನಾನು ನೋಡಿದೆ. ನೋಡಿದೆ ಎಂದು ಇದುವರೆಗೆ ನಿನಗೆ ಹೇಳಲಿಲ್ಲ, ನೀನೂ ಹೇಳಲಿಲ್ಲ. ಒಳಗಿರುವವಳನ್ನು ಕರೆದು ಕೇಳು, ಆ ದಿನ ಅಮ್ಮ ಗಾಡಿಯಿಂದ ಏನು ತೆಗೆದುಕೊಂಡಳು ಎಂದು. ಅವಳು ಪ್ರೀತಿಯಿಂದಲೇ ಉತ್ತರ ಕೊಡುತ್ತಾಳೆ. ಆ ಪ್ರೀತಿಯನ್ನು ಕೇಳಬೇಡ, ಉತ್ತರವನ್ನು ಕೇಳು.

ಆಮೇಲೆ ಹೊಸ್ತಿಲ ಮೇಲೆ ನಿಂತು ಇಬ್ಬರು ಎನ್ನು. ಎಂದ ಕೂಡಲೇ ನಮ್ಮಲ್ಲಿ ಒಬ್ಬಳು ಹೋಗಬೇಕಾಗುತ್ತದೆ. ನಿನಗೆ ಅವಳೇ ಸಾಕು ಅನ್ನಿಸಿದರೆ ನಾನು ಜಗಳವಾಡುವುದಿಲ್ಲ, ಆದರೆ ಅದನ್ನು ನನ್ನನ್ನು ನೋಡಿಕೊಂಡು ಹೇಳು.

ಅಣ್ಣ ಕೇಳಿದ್ದನ್ನು ನಾನು ಕೇಳುವುದಿಲ್ಲ. ನನಗೆ ಗೊತ್ತು. ನಾನು ಎರಡನೆಯವಳು, ಅಮ್ಮಾ. ಬಾಗಿಲು ತೆಗೆ.

ನಿನ್ನ ಮಗಳು
ಶಿವಾನಿ